ಇವತ್ತು ರಾತ್ರಿ ಯಾವ ಹಾಡು? ಫಿಶ್ ಅಭಿಮಾನಿ ಬಳಗಕ್ಕೆ ಸುದ್ದಿಪತ್ರ, ಸೆಟ್‌ಲಿಸ್ಟ್ ಸ್ಪರ್ಧೆ ನಡೆಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ರಾಕ್ ಬ್ಯಾಂಡ್ ಫಿಶ್‌ನ ಶೋಗೆ ಹೋಗುವವರಿಗೆಲ್ಲ ಒಂದು ಚಟ ಇರುತ್ತದೆ. ದೀಪ ಆರುವ ಮುಂಚೆಯೇ ಪಕ್ಕದವರನ್ನು ಕೇಳುತ್ತಾರೆ: "ಓಪನರ್, ಅಂದರೆ ಮೊದಲ ಹಾಡು, ಏನಿರಬಹುದು?" ಈ ಬ್ಯಾಂಡ್ ಪ್ರತಿ ರಾತ್ರಿ ಬೇರೆ ಸೆಟ್‌ಲಿಸ್ಟ್, ಅಂದರೆ ಬೇರೆ ಹಾಡುಪಟ್ಟಿ, ನುಡಿಸುತ್ತದೆ. ನಿನ್ನೆ ಬಂದ ಹಾಡು ಸಾಮಾನ್ಯವಾಗಿ ಇವತ್ತು ಬರುವುದಿಲ್ಲ. 2017ರ ಜುಲೈ, ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇವರು 13 ರಾತ್ರಿ ನುಡಿಸಿದರು. ಒಟ್ಟು 237 ಹಾಡು, ಒಂದೂ ಎರಡನೇ ಸಲ ಬರಲಿಲ್ಲ. ನಮ್ಮಲ್ಲಿ ರಾಮನವಮಿ ಕಚೇರಿಯಲ್ಲಿ ಆಲಾಪನೆ ಶುರುವಾದ ಕೂಡಲೇ ಹಿಂದಿನ ಸಾಲಿನವರು ರಾಗದ ಹೆಸರು ಪಿಸುಗುಡುತ್ತಾರಲ್ಲ, ಇದೂ ಅದೇ ಜಾತಿಯ ಖುಷಿ.

ಈ ಊಹೆಯನ್ನೇ ಒಂದು ಆಟ ಮಾಡಿಕೊಂಡು, ಜೊತೆಗೆ ಟೂರಿನ ಸುದ್ದಿ ಹಂಚಿಕೊಂಡು ಒಂದು ಸಣ್ಣ ಬಳಗ ನಡೆಸುವುದು ಹೇಗೆ ಅನ್ನುವುದು ಈ ಬರಹ. ನಮ್ಮ ಬಳಗದಲ್ಲಿ ಕೆಲವರು ನ್ಯೂಜೆರ್ಸಿಯಲ್ಲಿ, ಕೆಲವರು ಬೆಂಗಳೂರಿನಲ್ಲಿ ಇದ್ದೇವೆ. ಹಾಗಾಗಿ ಎರಡೂ ಕಡೆಯ ತಾಪತ್ರಯ ಇಲ್ಲಿ ಬರುತ್ತದೆ.

ನನ್ನದೊಂದು ಪಟ್ಟು ಇದೆ, ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆ ನಡೆಸುವುದು ಜನ ಜಾಸ್ತಿ ಹಾಡು ಕೇಳಲಿ ಅಂತ. ಹಾಡು ಕೇಳದವನೂ ಸುಲಭವಾಗಿ ಗೆಲ್ಲುತ್ತಾನೆ ಅಂದರೆ ಅಂಕದ ಲೆಕ್ಕದಲ್ಲಿ ಎಲ್ಲೋ ಐಬಿದೆ ಅಂತಲೇ ಅರ್ಥ.

ಇದು ಎಲ್ಲಿಂದ ಬಂತು

ಅಭಿಮಾನಿಗಳನ್ನು ಆಟಕ್ಕೆ ಎಳೆಯುವುದು ಜ್ಯಾಮ್ ಬ್ಯಾಂಡ್‌ಗಳ, ಅಂದರೆ ವೇದಿಕೆಯಲ್ಲೇ ಹಾಡನ್ನು ಮನೋಧರ್ಮದಿಂದ ಬೆಳೆಸುವ ಬ್ಯಾಂಡ್‌ಗಳ, ಹಳೇ ಅಭ್ಯಾಸ. 1971ರಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನುವ ಅಮೆರಿಕದ ಬ್ಯಾಂಡ್ ತಮ್ಮ ಲೈವ್ ಆಲ್ಬಮ್ಮಿನ ಹೊದಿಕೆಯ ಒಳಗೆ ಒಂದು ಕರೆ ಅಚ್ಚು ಹಾಕಿಸಿತು: ನೀವು ಯಾರು, ಎಲ್ಲಿದ್ದೀರಿ, ಹೆಸರು ವಿಳಾಸ ಕಳಿಸಿ ಅಂತ. ಬಂದ ಕಾಗದಗಳೇ ಮುಂದೆ ಅವರ ಸುದ್ದಿಪತ್ರದ ವಿಳಾಸಪಟ್ಟಿಯಾದವು.

ಫಿಶ್ ಹುಟ್ಟಿದ್ದು 1983ರಲ್ಲಿ, ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ, ವಿಶ್ವವಿದ್ಯಾಲಯದ ಹುಡುಗರಿಂದ. ಗಿಟಾರ್‌ಗೆ ಟ್ರೇ ಅನಸ್ಟಾಸಿಯೊ, ಬೇಸ್‌ಗೆ ಮೈಕ್ ಗಾರ್ಡನ್, ಡ್ರಮ್ಸ್‌ಗೆ ಜಾನ್ ಫಿಶ್‌ಮನ್, 1985ರಲ್ಲಿ ಬಂದು ಸೇರಿದ ಕೀಬೋರ್ಡಿನ ಪೇಜ್ ಮೆಕನೆಲ್. ಫಿಶ್‌ಮನ್ ಡೋನಟ್ ಚಿತ್ರದ ಫ್ರಾಕ್ ಹಾಕಿಕೊಂಡು ಡ್ರಮ್ಸ್ ಬಾರಿಸುತ್ತಾರೆ, ಮನಸ್ಸು ಬಂದರೆ ವ್ಯಾಕ್ಯೂಮ್ ಕ್ಲೀನರ್ ಕೂಡ ಬಾಯಿಗಿಟ್ಟು ನುಡಿಸುತ್ತಾರೆ. ಇಂಥವರು ಅಭಿಮಾನಿಗಳ ಜೊತೆ ಆಟ ಆಡದೆ ಇರುತ್ತಾರೆಯೇ? 1994ರ ಹ್ಯಾಲೋವೀನ್‌ಗೆ ಯಾವ ಆಲ್ಬಮ್ಮನ್ನು ಪೂರ್ತಿ ನುಡಿಸಬೇಕು ಅಂತ ಅಭಿಮಾನಿಗಳಿಂದಲೇ ಮತ ಕೇಳಿದರು. ಬೀಟಲ್ಸ್‌ರ ವೈಟ್ ಆಲ್ಬಮ್ ಗೆದ್ದಿತು, ಅದನ್ನು ನುಡಿಸಿದರು ಕೂಡ.

1995ರ ಟೂರಿನಲ್ಲಿ ಇನ್ನೂ ಮಜಾ ಇತ್ತು. ಬ್ಯಾಂಡ್ ಮತ್ತು ಪ್ರೇಕ್ಷಕರ ನಡುವೆ ಚೆಸ್. ವೇದಿಕೆಯ ಮೇಲೆ ದೊಡ್ಡ ಬೋರ್ಡ್. ಪ್ರತಿ ಶೋನಲ್ಲಿ ಬ್ಯಾಂಡಿನದೊಂದು ನಡೆ, ಪ್ರೇಕ್ಷಕರದೊಂದು ನಡೆ. ಪ್ರೇಕ್ಷಕರ ನಡೆ ಏನು ಅನ್ನುವುದು ವಿರಾಮದ ಹೊತ್ತಿನಲ್ಲಿ ಹೊರಗಿನ ಒಂದು ಮೇಜಿನ ಬಳಿ ತೀರ್ಮಾನ ಆಗುತ್ತಿತ್ತು. ಮೊದಲ ಆಟದಲ್ಲಿ ಪ್ರೇಕ್ಷಕರು ಕೈಚೆಲ್ಲಿದರು. ಎರಡನೆಯದರಲ್ಲಿ ಬ್ಯಾಂಡ್ ವರ್ಷದ ಕೊನೆಯ ರಾತ್ರಿ ಸೋಲೊಪ್ಪಿತು. ಲೆಕ್ಕ ಇವತ್ತಿಗೂ 1–1. ಸ್ಪರ್ಧೆ ನಡೆಸುವವರು ಇದನ್ನು ಗಮನಿಸಬೇಕು: ಟಿಕೆಟ್ ಬಿಟ್ಟರೆ ಯಾರೂ ಒಂದು ಪೈಸೆ ಕೊಡಲಿಲ್ಲ, ಬಹುಮಾನವೂ ಇರಲಿಲ್ಲ. ಆದರೂ ಟೂರ್ ಪೂರ್ತಿ ಜನ ಅದರ ಬಗ್ಗೆಯೇ ಮಾತಾಡಿದರು.

ಹೆಜ್ಜೆ 1: ಯಾರು ಏನು ಮಾಡುತ್ತಾರೆ

ಮೂರು ಜನ ಸಾಕು. ಒಬ್ಬರು ಸುದ್ದಿಗೆ, ಒಬ್ಬರು ಅಂಕಕ್ಕೆ, ಒಬ್ಬರು ಜಗಳಕ್ಕೆ. ಜಗಳಕ್ಕೆ ಅಂದದ್ದು ತಮಾಷೆಗಲ್ಲ. "ಅದು ಹಾಡಾ, ಟೀಸಾ (ಇನ್ನೊಂದು ಹಾಡಿನ ಸಣ್ಣ ತುಣುಕಾ)?" ಅಂತ ರಾತ್ರಿ ಹನ್ನೆರಡಕ್ಕೆ ಮೆಸೇಜ್ ಬಂದಾಗ ಕೊನೇ ಮಾತು ಒಬ್ಬರದೇ ಇರಬೇಕು. ಅವರು ಆ ಟೂರಿನ ಆಟದಲ್ಲಿ ಇರಬಾರದು. ಆಡದೆ ಕೂರಲು ಯಾರಿಗೂ ಇಷ್ಟ ಇರುವುದಿಲ್ಲ. ಹಾಗಾಗಿ ಟೂರಿಂದ ಟೂರಿಗೆ ಪಾಳಿ ಬದಲಿಸಿ.

ಹೆಜ್ಜೆ 2: ಸುದ್ದಿಪತ್ರ

ಒಂದು ಪುಟ ದಾಟಬೇಡಿ. ಟೂರ್ ಇಲ್ಲದಾಗ ತಿಂಗಳಿಗೊಂದು, ಟೂರ್ ನಡೆಯುವಾಗ ವಾರಕ್ಕೊಂದು. ಪಿಡಿಎಫ್ ಮಾಡಿ ಕಳಿಸಿದರೆ ಅಲಂಕಾರಕ್ಕೇ ಅರ್ಧ ದಿನ ಹೋಗುತ್ತದೆ, ಸುಮ್ನೆ ವಾಟ್ಸಾಪಿನಲ್ಲಿ ಅಥವಾ ಈಮೇಲಿನಲ್ಲಿ ಅಕ್ಷರ ಕಳಿಸಿ.

ಎಲ್ಲಕ್ಕಿಂತ ಮೇಲೆ ಗಡುವುಗಳು ಬರಲಿ. ಫಿಶ್ ಟಿಕೆಟ್ ಸಾರ್ವಜನಿಕ ಮಾರಾಟಕ್ಕೆ ಬರುವ ಮುಂಚೆ ಅವರದೇ ತಾಣದಲ್ಲಿ ಕೋರಿಕೆ ಸಲ್ಲಿಸುವ ಅವಧಿ ಇರುತ್ತದೆ. ಕೋರಿಕೆ ಹಾಕಿದವರಲ್ಲಿ ಲಾಟರಿ ಎತ್ತಿ ಟಿಕೆಟ್ ಕೊಡುತ್ತಾರೆ. ಮೊದಲು ಹಾಕಿದವರಿಗೇ ಮೊದಲು ಅಂತಿಲ್ಲ, ಆದರೆ ಕೊನೇ ದಿನ ದಾಟಿದರೆ ಮುಗಿಯಿತು. ಬಳಗದವರಿಗೆ ಇದಕ್ಕಿಂತ ಉಪಯೋಗದ ಸುದ್ದಿ ಬೇರೆ ಇಲ್ಲ. ಎರಡು ಸಲ ನೆನಪಿಸಿ: ಅವಧಿ ತೆರೆದ ದಿನ ಒಮ್ಮೆ, ಮುಚ್ಚುವ ಹಿಂದಿನ ದಿನ ಒಮ್ಮೆ. ಟಿಕೆಟ್ ಮಿಕ್ಕವರು, ಬೇಕಾದವರು ಯಾರು ಅನ್ನುವುದಕ್ಕೂ ಒಂದು ಸಾಲು ಇಡಿ. ಮುಖಬೆಲೆಗಿಂತ ಜಾಸ್ತಿ ಕೇಳುವವರ ಹೆಸರು ಆ ಸಾಲಿನಲ್ಲಿ ಹಾಕಬೇಡಿ. ಈ ವಿಷಯದಲ್ಲಿ ಫಿಶ್ ಬಳಗಗಳು ಬಹಳ ಖಡಕ್, ನೀವೂ ಹಾಗೇ ಇರಿ.

ಆಮೇಲೆ ನಡೆದ ಶೋಗಳ ಸುದ್ದಿ. ಇಡೀ ಸೆಟ್‌ಲಿಸ್ಟ್ ಹಾಕಿ ಜಾಗ ತುಂಬಬೇಡಿ, ಅದು ಎಲ್ಲ ಕಡೆ ಸಿಗುತ್ತದೆ. ಯಾವ ಹಾಡನ್ನು ಹುಡುಕಿಕೊಂಡು ಕೇಳಬೇಕು, ಎಷ್ಟನೇ ನಿಮಿಷದಲ್ಲಿ ಏನಾಗುತ್ತದೆ ಅಂತ ಬರೆಯಿರಿ. ಉದಾಹರಣೆಗೆ 2017ರ ಆ 13 ರಾತ್ರಿಗಳಿಗೂ ಒಂದೊಂದು ಡೋನಟ್ ರುಚಿಯ ಹೆಸರಿತ್ತು. ಜ್ಯಾಮ್ ತುಂಬಿದ ಡೋನಟ್ಟಿನ ರಾತ್ರಿ, ಅಂದರೆ ಜುಲೈ 25ಕ್ಕೆ, 'ಲಾನ್ ಬಾಯ್' ಸುಮಾರು ಅರ್ಧ ಗಂಟೆ ಹೋಯಿತು. ಮಾಮೂಲಿಯಾಗಿ ಅದು ಕೆಲವೇ ನಿಮಿಷದ ಪುಟ್ಟ ಹಾಡು. "ಲಾನ್ ಬಾಯ್ ಚೆನ್ನಾಗಿತ್ತು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮೂರು ನಿಮಿಷದಲ್ಲಿ ಮುಗಿಯಬೇಕಾದದ್ದು ನಿಲ್ಲಲೇ ಇಲ್ಲ, ಕೇಳಿ ನೋಡಿ" ಅಂದರೆ ಓದಿದವರು ಹೆಡ್‌ಫೋನ್ ಹುಡುಕುತ್ತಾರೆ.

ಗಾಳಿಸುದ್ದಿಗೆ ಬೇರೆ ಜಾಗ ಕೊಡಿ. "ಈ ಸಲ ಹ್ಯಾಲೋವೀನ್‌ಗೆ ಇಂಥ ಆಲ್ಬಮ್ಮಂತೆ" ಅನ್ನುವುದು ಪ್ರತಿ ವರ್ಷ ಹುಟ್ಟುತ್ತದೆ. ಬಳಗದವರಿಗೆ ಅದು ಬೇಕು, ಬೇಡ ಅನ್ನಬೇಡಿ. ಆದರೆ ಬ್ಯಾಂಡ್ ತಾನೇ ಹೇಳಿದ್ದು ಮೇಲೆ, "ಅಂತೆ" ಅನ್ನುವುದೆಲ್ಲ ಕೆಳಗೆ. ಎರಡನ್ನೂ ಕಲಸಿದ ಪತ್ರವನ್ನು ಎರಡು ತಿಂಗಳಲ್ಲಿ ಯಾರೂ ನಂಬುವುದಿಲ್ಲ.

ರೆಕಾರ್ಡಿಂಗ್ ವಿಷಯದಲ್ಲಿ ಸ್ವಲ್ಪ ಹುಷಾರು. ಪ್ರೇಕ್ಷಕರ ನಡುವೆ ನಿಂತು ಮೈಕ್ ಇಟ್ಟು ಧ್ವನಿಮುದ್ರಿಸಲು ಫಿಶ್ ಅವಕಾಶ ಕೊಡುತ್ತದೆ. ಟೇಪರ್‌ಗಳಿಗೆ ಅಂತಲೇ ಪ್ರತ್ಯೇಕ ಜಾಗವೂ ಟಿಕೆಟ್ಟೂ ಇರುತ್ತದೆ. ಗ್ರೇಟ್‌ಫುಲ್ ಡೆಡ್ 1984ರಲ್ಲೇ ಇಂಥ ಜಾಗ ಬಿಟ್ಟುಕೊಟ್ಟಿತ್ತು. ಆ ಧ್ವನಿಮುದ್ರಣಗಳನ್ನು ದುಡ್ಡಿಲ್ಲದೆ ಹಂಚಿಕೊಳ್ಳಬಹುದು, ಮಾರುವಂತಿಲ್ಲ. ಆದರೆ ಲೈವ್‌ಫಿಶ್‌ನಲ್ಲಿ ಬ್ಯಾಂಡೇ ಮಾರುವ ರೆಕಾರ್ಡಿಂಗ್, ದುಡ್ಡು ಕೊಟ್ಟು ನೋಡುವ ವೆಬ್‌ಕಾಸ್ಟ್, ಇವನ್ನು ಗುಂಪಿನಲ್ಲಿ ಹಂಚುವುದು ಕಳ್ಳತನವೇ. ಪತ್ರದಲ್ಲಿ ಮೊದಲನೆಯದರ ಕೊಂಡಿ ಹಾಕಿ, ಎರಡನೆಯದರದ್ದು ಹಾಕಬೇಡಿ.

ಹೆಜ್ಜೆ 3: ಸ್ಪರ್ಧೆಯ ಅಂಕದ ಲೆಕ್ಕ

ಇಲ್ಲೇ ನಿಧಾನ ಮಾಡಬೇಕು. ಬೇರೆಲ್ಲ ಹೆಜ್ಜೆಯಲ್ಲಿ ಅವಸರ ಮಾಡಿದರೂ ನಡೆಯುತ್ತದೆ.

ಸುಲಭದ ಲೆಕ್ಕ ಹೀಗಿರುತ್ತದೆ: ಹತ್ತು ಹಾಡು ಬರೆಯಿರಿ, ಬಂದ ಪ್ರತಿ ಹಾಡಿಗೂ ಒಂದು ಅಂಕ. ಇದರಲ್ಲಿ ಏನಾಗುತ್ತದೆ ಗೊತ್ತಾ? ಎಲ್ಲರೂ ಪದೇ ಪದೇ ಬರುವ ಅವೇ ಹತ್ತು ಹಾಡು ಬರೆಯುತ್ತಾರೆ. ಮೊದಲ ವಾರದಲ್ಲೇ ಎಲ್ಲರ ಅಂಕವೂ ಒಂದೇ, ಎರಡನೇ ವಾರಕ್ಕೆ ಅರ್ಧ ಜನ ಫಾರ್ಮ್ ತುಂಬುವುದಿಲ್ಲ.

ಅದಕ್ಕೆ ಗ್ಯಾಪ್ ಬಳಸಿ. ಒಂದು ಹಾಡನ್ನು ಕೊನೆಯ ಸಲ ನುಡಿಸಿದ ಮೇಲೆ ಎಷ್ಟು ಶೋ ಆಗಿವೆ ಅನ್ನುವುದೇ ಗ್ಯಾಪ್. ಬಹಳ ದೊಡ್ಡ ಗ್ಯಾಪಿನ ನಂತರ ಬಂದ ಹಾಡನ್ನು ಬಸ್ಟ್‌ಔಟ್ ಅನ್ನುತ್ತಾರೆ, ಅದು ಬಂದಾಗ ಸಭಾಂಗಣವೇ ಹಾರಿಹೋಗುವ ಹಾಗೆ ಕೂಗು ಏಳುತ್ತದೆ. ಅಭಿಮಾನಿಗಳು ನಡೆಸುವ ಫಿಶ್ ಡಾಟ್ ನೆಟ್‌ನಲ್ಲಿ ಪ್ರತಿ ಹಾಡಿನ ಗ್ಯಾಪ್ ಸಿಗುತ್ತದೆ. ನಾವು ಬಳಸುವ ಮಟ್ಟ ಇದು:

ಗ್ಯಾಪ್ 5ರವರೆಗೆ: 1 ಅಂಕ
6ರಿಂದ 15: 2 ಅಂಕ
16ರಿಂದ 50: 4 ಅಂಕ
51 ಮತ್ತು ಮೇಲೆ: 8 ಅಂಕ
ಓಪನರ್ ಸರಿ ಇದ್ದರೆ 3 ಜಾಸ್ತಿ, ಎನ್‌ಕೋರ್ (ಶೋ ಮುಗಿಸಿ ಹೋದವರು ಮತ್ತೆ ಬಂದು ನುಡಿಸುವ ಹಾಡು) ಸರಿ ಇದ್ದರೆ 3 ಜಾಸ್ತಿ

ಒಬ್ಬರಿಗೆ ಒಂದು ರಾತ್ರಿಗೆ ಎಂಟು ಹಾಡು ಸಾಕು. ಒಬ್ಬರು 'ಚಾಕ್ ಡಸ್ಟ್ ಟಾರ್ಚರ್' ಅನ್ನು ಓಪನರ್ ಅಂತ ಬರೆದರು, ಜೊತೆಗೆ 'ಟ್ವೀಝರ್', 'ಫ್ಲಫ್‌ಹೆಡ್', 'ಹಾರ್ಪುವಾ' ಹಾಕಿದರು ಅಂದುಕೊಳ್ಳಿ. ಮಿಕ್ಕ ನಾಲ್ಕು ಹಾಡು ಬರಲೇ ಇಲ್ಲ. ಚಾಕ್ ಡಸ್ಟ್ ಓಪನರ್ ಆಗಿಯೇ ಬಂತು, ಗ್ಯಾಪ್ 4. ಅಲ್ಲಿಗೆ 1 ಮತ್ತು 3, ಒಟ್ಟು 4. ಟ್ವೀಝರ್ ಬಂತು, ಗ್ಯಾಪ್ 5, ಇನ್ನೊಂದು ಅಂಕ. ಫ್ಲಫ್‌ಹೆಡ್ ಬಂತು, ಗ್ಯಾಪ್ 18, ನಾಲ್ಕು ಅಂಕ. ಹಾರ್ಪುವಾ ಬರಲಿಲ್ಲ, ಅದು ಬರುವುದೇ ಅಪರೂಪ. ಒಟ್ಟು 9. ಪಕ್ಕದವರು ಮಾಮೂಲಿ ಹಾಡು ಬರೆದು ಐದು ಹೊಡೆದರೂ 5 ಅಂಕ. ಹಳೇ ಹಾಡು ಹುಡುಕಿ ಕೇಳಿದವರಿಗೆ ಸ್ವಲ್ಪ ಲಾಭ ಸಿಕ್ಕ ಹಾಗಾಯಿತು, ಅಲ್ವಾ?

ಈಗ ಜೋಡಿ ಹಾಡುಗಳ ತಲೆನೋವು. ಟ್ವೀಝರ್ ಬಂದ ರಾತ್ರಿ ಕೊನೆಯಲ್ಲಿ 'ಟ್ವೀಝರ್ ರಿಪ್ರೈಸ್' ಬರುವುದು ಹೆಚ್ಚು ಕಡಿಮೆ ರೂಢಿ. ಒಮ್ಮೊಮ್ಮೆ ಅದು ಮುಂದಿನ ರಾತ್ರಿಗೆ ಹೋಗುತ್ತದೆ. ಹಾಗೆಯೇ 'ಮೈಕ್ಸ್ ಸಾಂಗ್' ಶುರುವಾದರೆ ನಡುವೆ ಒಂದೆರಡು ಹಾಡು ನುಸುಳಿ, ಸಾಮಾನ್ಯವಾಗಿ 'ವೀಕಪಾಗ್ ಗ್ರೂವ್'ಗೆ ಬಂದು ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಬರೆಯಲು ಬಿಟ್ಟರೆ ಒಂದು ಊಹೆಗೆ ಎರಡು ಅಂಕ ಸಿಕ್ಕಂತೆ. ಹಾಗಾಗಿ ಜೋಡಿಯನ್ನು ಒಂದೇ ಆಯ್ಕೆ ಅಂತ ಪಟ್ಟಿಯಲ್ಲೇ ಬರೆದುಬಿಡಿ, ಮೊದಲ ಹಾಡಿಗೆ ಮಾತ್ರ ಅಂಕ ಕೊಡಿ. ಮೈಕ್ಸ್ ಮತ್ತು ವೀಕಪಾಗ್ ನಡುವೆ ಏನು ಬರುತ್ತದೆ ಅಂತ ಸರಿಯಾಗಿ ಹೇಳಿದವರಿಗೆ ನಾವು 3 ಅಂಕ ಕೊಡುತ್ತೇವೆ. ಇದು ನನಗೆ ತುಂಬಾ ಇಷ್ಟದ ನಿಯಮ. ಮೈಕ್ಸ್ ಶುರುವಾದ ಕೂಡಲೇ ಗುಂಪಿನಲ್ಲಿ ಎಲ್ಲರ ಟೈಪಿಂಗೂ ನಿಂತುಹೋಗುತ್ತದೆ.

ಡಿಸೆಂಬರ್ 31ರ ಶೋಗೆ ಬೇರೆ ಪಟ್ಟಿ ಬೇಕು. ಅವತ್ತು ಎರಡರ ಬದಲು ಮೂರು ಸೆಟ್, ಅಂದರೆ ವಿರಾಮಗಳ ನಡುವಿನ ಮೂರು ಭಾಗ, ಇರುತ್ತದೆ. ಮಧ್ಯರಾತ್ರಿ ಹೊಸವರ್ಷದ ಹಾಡು 'ಆಲ್ಡ್ ಲ್ಯಾಂಗ್ ಸೈನ್' ಬಂದೇ ಬರುತ್ತದೆ, ಅದನ್ನು ಪಟ್ಟಿಯಿಂದ ತೆಗೆದುಹಾಕಿ.

ಅಂಕ ಸಮ ಆದರೆ? ಆ ರಾತ್ರಿಯ ಅತಿ ಉದ್ದದ ಹಾಡು ಎಷ್ಟು ನಿಮಿಷ ಅಂತ ಮೊದಲೇ ಬರೆಸಿಕೊಳ್ಳಿ. ಹತ್ತಿರ ಇದ್ದವರು ಗೆದ್ದರು. ಅಳತೆಗೆ ಲೈವ್‌ಫಿಶ್ ರೆಕಾರ್ಡಿಂಗಿನ ಟ್ರ್ಯಾಕ್ ಉದ್ದವನ್ನೇ ತೆಗೆದುಕೊಳ್ಳಿ, ಸ್ಟಾಪ್‌ವಾಚ್ ಹಿಡಿದವರ ಮಾತು ಬೇಡ.

ಹೆಜ್ಜೆ 4: ಜಗಳ ಆಗುವ ಜಾಗಗಳು

ನಿಯಮ ಬರೆಯುವಾಗಲೇ ಇವನ್ನು ತೀರ್ಮಾನಿಸಿ. ಟೀಸ್, ಅಂದರೆ ಒಂದು ಹಾಡಿನೊಳಗೆ ಇನ್ನೊಂದರ ನಾಲ್ಕು ಸ್ವರ ನುಡಿಸಿ ಬಿಟ್ಟದ್ದು, ಲೆಕ್ಕಕ್ಕಿಲ್ಲ. ಒಂದು ಹಾಡು ಬಿಟ್ಟು, ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಬಂದರೆ ಅದು ಒಂದೇ ಸಲ. ಸೌಂಡ್‌ಚೆಕ್‌ನಲ್ಲಿ, ಅಂದರೆ ಶೋಗೆ ಮುಂಚಿನ ಧ್ವನಿ ಪರೀಕ್ಷೆಯಲ್ಲಿ, ಹೊರಗಿನವರ ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ, ಅದನ್ನು ಕೇಳಿ ಊಹೆ ಬದಲಿಸುವುದು ಮಾತ್ರ ನ್ಯಾಯ. ಎನ್‌ಕೋರಿನಲ್ಲಿ ಎರಡು ಮೂರು ಹಾಡು ಬಂದರೆ ಯಾವುದು ಬರೆದಿದ್ದರೂ ಎನ್‌ಕೋರ್ ಅಂಕ ಸಿಗುತ್ತದೆ.

ಎಲ್ಲದಕ್ಕಿಂತ ಮುಖ್ಯವಾದದ್ದು, ಸೆಟ್‌ಲಿಸ್ಟ್‌ಗೆ ಯಾವುದು ಪ್ರಮಾಣ ಅನ್ನುವುದು. ಶೋ ನಡೆಯುವಾಗ ಹತ್ತು ಕಡೆ ಹತ್ತು ಥರ ಪಟ್ಟಿ ಓಡಾಡುತ್ತದೆ. ಬಾಣದ ಗುರುತು (ಹಾಡು ನಿಲ್ಲದೆ ಮುಂದಿನದಕ್ಕೆ ಸೇರಿದ್ದು) ಎಲ್ಲಿ, ಅಲ್ಪವಿರಾಮ (ನಿಂತು ಮುಂದಿನದು ಶುರುವಾದದ್ದು) ಎಲ್ಲಿ ಅಂತ ವಾದ ಬೇರೆ. ಒಂದನ್ನೇ ಆರಿಸಿ. ನಾವು ಫಿಶ್ ಡಾಟ್ ನೆಟ್‌ನಲ್ಲಿ ಮರುದಿನ ಮಧ್ಯಾಹ್ನ ಏನಿರುತ್ತದೋ ಅದನ್ನು ತೆಗೆದುಕೊಳ್ಳುತ್ತೇವೆ. ಅಷ್ಟು ಹೊತ್ತಿಗೆ ತಿದ್ದುಪಡಿಗಳು ಮುಗಿದಿರುತ್ತವೆ. ಆಮೇಲೆ ಅಲ್ಲಿ ಏನು ಬದಲಾದರೂ ನಮ್ಮ ಅಂಕ ಬದಲಾಗುವುದಿಲ್ಲ.

ಹೆಜ್ಜೆ 5: ಫಾರ್ಮ್ ಮತ್ತು ಶೀಟ್

ಗೂಗಲ್ ಫಾರ್ಮ್ ಸಾಕು. ಹಾಡಿನ ಹೆಸರನ್ನು ಜನರೇ ಟೈಪ್ ಮಾಡಲು ಬಿಡಬೇಡಿ, ಡ್ರಾಪ್‌ಡೌನ್ ಕೊಡಿ. 'ಯೂ ಎಂಜಾಯ್ ಮೈಸೆಲ್ಫ್' ಅನ್ನುವುದನ್ನು ಒಬ್ಬರು ಪೂರ್ತಿ ಬರೆಯುತ್ತಾರೆ, ಇನ್ನೊಬ್ಬರು ಮೂರೇ ಅಕ್ಷರ ಬರೆಯುತ್ತಾರೆ, ಶೀಟಿನ ಸೂತ್ರಕ್ಕೆ ಎರಡೂ ಬೇರೆ ಹಾಡು. ಪಟ್ಟಿಯಲ್ಲಿ ಇಲ್ಲದ ಹಾಡಿಗೆ "ಇತರೆ" ಅಂತ ಒಂದು ಖಾನೆ ಇರಲಿ. ಬ್ಯಾಂಡ್ ಇದ್ದಕ್ಕಿದ್ದಂತೆ ಬೇರೆಯವರ ಹಾಡು ನುಡಿಸುವುದುಂಟು.

ಶೀಟಿನಲ್ಲಿ ಮೂರು ಹಾಳೆ: ಊಹೆಗಳು, ಹಾಡು ಮತ್ತು ಅದರ ಅವತ್ತಿನ ಅಂಕ, ಆ ರಾತ್ರಿ ಬಂದ ಪಟ್ಟಿ. ಬಂದ ಪಟ್ಟಿ ತುಂಬಿದ ಕೂಡಲೇ ವಿಲುಕಪ್ (VLOOKUP, ಹೆಸರು ಹುಡುಕಿ ಅದರ ಎದುರಿನ ಅಂಕ ತರುವ) ಸೂತ್ರ ಅಂಕ ಹಾಕುತ್ತದೆ. ಓಪನರ್, ಎನ್‌ಕೋರ್ ಮಾತ್ರ ಕೈಯಲ್ಲಿ ನೋಡಿ. ಎರಡನೇ ಹಾಳೆಯಲ್ಲಿ "ಈ ಜಾಗದಲ್ಲಿ ಆಗಲೇ ಬಂದಿದೆ" ಅಂತ ಒಂದು ಕಾಲಮ್ ಇಡಿ. ಒಂದೇ ಜಾಗದಲ್ಲಿ ಮೂರು ನಾಲ್ಕು ರಾತ್ರಿ ಇದ್ದಾಗ ಹೊಸಬರಿಗೆ ಇದು ದೊಡ್ಡ ಸಹಾಯ. 2024ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ನಾಲ್ಕು ರಾತ್ರಿಯೂ ಒಂದು ಹಾಡು ಮರುಕಳಿಸಲಿಲ್ಲ. ಅಂಥಲ್ಲಿ ಮೊದಲ ರಾತ್ರಿಯ ಹಾಡನ್ನೇ ಮೂರನೇ ರಾತ್ರಿ ಬರೆದವರ ಆಯ್ಕೆ ವ್ಯರ್ಥ.

ಶೀಟನ್ನು ಎಲ್ಲರೂ ನೋಡುವಂತಿರಲಿ, ತಿದ್ದುವಂತಿರಬಾರದು. ಊಹೆಗಳ ಹಾಳೆಯನ್ನು ಗಡುವು ಮುಗಿಯುವವರೆಗೆ ಮುಚ್ಚಿಡಿ.

ಹೆಜ್ಜೆ 6: ಗಡುವು, ಗಡಿಯಾರ

ಟಿಕೆಟ್ಟಿನಲ್ಲಿ ಬರೆದ ಸಮಯಕ್ಕೆ ಫಾರ್ಮ್ ಮುಚ್ಚಿ. ಬ್ಯಾಂಡ್ ಸ್ವಲ್ಪ ತಡವಾಗಿಯೇ ಬರುತ್ತದೆ, ಆದರೂ ಸರಿ.

ಬೆಂಗಳೂರಿನಿಂದ ಆಡುವವರಿಗೆ ಎರಡೂ ಸಮಯ ಬರೆದು ಕಳಿಸಿ. ನ್ಯೂಯಾರ್ಕಿನಲ್ಲಿ ಬೇಸಿಗೆಯ ರಾತ್ರಿ 8 ಅಂದರೆ ನಮಗೆ ಮರುದಿನ ಬೆಳಗ್ಗೆ 5:30. ಡಿಸೆಂಬರ್‌ನಲ್ಲಿ ಅದೇ ರಾತ್ರಿ 8 ಅಂದರೆ 6:30. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದೆ ಮಾಡಿಕೊಳ್ಳುತ್ತಾರೆ. ಹಾಗಾಗಿ ಹ್ಯಾಲೋವೀನ್ ಶೋಗೂ ಹೊಸವರ್ಷದ ಶೋಗೂ ಒಂದು ಗಂಟೆ ವ್ಯತ್ಯಾಸ. ಹೊಸವರ್ಷದ ಅವರ ಮಧ್ಯರಾತ್ರಿ ನಮಗೆ ಜನವರಿ 1ರ ಬೆಳಗ್ಗೆ 10:30, ತಿಂಡಿ ಮುಗಿಸಿ ಆರಾಮಾಗಿ ನೋಡಬಹುದು. ಶೋಗಳನ್ನು ಯಾವಾಗಲೂ ಅಮೆರಿಕದ ತಾರೀಕಿನಿಂದಲೇ ಕರೆಯಿರಿ. "ಶನಿವಾರದ ಶೋ" ಅಂದರೆ ಯಾರ ಶನಿವಾರ ಅನ್ನುವ ಗೊಂದಲ ಬೇಡ.

ಆಫೀಸಿಗೆ ಹೊರಟವರು ಸಂಜೆ ಬಂದು ಕೇಳುತ್ತಾರೆ. ಅವರಿಗಾಗಿ ಗುಂಪನ್ನು ಎರಡು ಮಾಡಿ, ಒಂದರಲ್ಲಿ ಲೈವ್ ಮಾತು, ಇನ್ನೊಂದರಲ್ಲಿ 24 ಗಂಟೆ ಸೆಟ್‌ಲಿಸ್ಟ್ ಬಗ್ಗೆ ಬಾಯಿ ಬಿಡಬಾರದು.

ಹೆಜ್ಜೆ 7: ದುಡ್ಡು

ಪ್ರವೇಶಕ್ಕೆ ದುಡ್ಡು ತೆಗೆದುಕೊಳ್ಳಬೇಡಿ. ಹತ್ತು ರೂಪಾಯಿಯೂ ಬೇಡ. ಅಮೆರಿಕದಲ್ಲಿ ಬಹುಮಾನ, ಅದೃಷ್ಟ, ಪ್ರವೇಶದ ಹಣ, ಈ ಮೂರೂ ಸೇರಿದರೆ ಅದು ಲಾಟರಿ, ಖಾಸಗಿಯವರು ನಡೆಸುವಂತಿಲ್ಲ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟಿ ಗೆಲುವು ನಿರೀಕ್ಷಿಸುವ ಆನ್‌ಲೈನ್ ಆಟಗಳಿಗೆ ನಿಷೇಧ ಇದೆ. "ಇದು ಜಾಣ್ಮೆಯ ಆಟ, ಅದೃಷ್ಟದ್ದಲ್ಲ" ಅನ್ನುವ ವಾದವೂ ನಡೆಯುವುದಿಲ್ಲ.

ದುಡ್ಡು ಕೊಡಲೇಬೇಕು ಅನ್ನುವವರಿಗೆ ಒಳ್ಳೇ ದಾರಿ ಇದೆ. ಫಿಶ್ ಡಾಟ್ ನೆಟ್ ನಡೆಸುವ ಮಾಕಿಂಗ್‌ಬರ್ಡ್ ಫೌಂಡೇಶನ್ ಪೂರ್ತಿ ಸ್ವಯಂಸೇವಕರದು, ಮಕ್ಕಳ ಸಂಗೀತ ಶಿಕ್ಷಣಕ್ಕೆ ಹಣ ಕೊಡುತ್ತದೆ. ಬ್ಯಾಂಡ್ 1997ರಲ್ಲಿ ಕಟ್ಟಿದ ವಾಟರ್‌ವೀಲ್ ಫೌಂಡೇಶನ್ ಕೂಡ ಇದೆ. ಆದರೆ ದಾನಕ್ಕೂ ಸ್ಪರ್ಧೆಗೂ ಗಂಟು ಹಾಕಬೇಡಿ. ದಾನ ಕೊಟ್ಟವರಿಗೆ ಒಂದು ಊಹೆ ಜಾಸ್ತಿ ಅಂದರೆ ಮತ್ತೆ ಅದೇ ಪ್ರವೇಶ ಶುಲ್ಕ ಆಯಿತು.

ಹೆಜ್ಜೆ 8: ಬಹುಮಾನ

ಚಿಕ್ಕದಿರಲಿ. ಶೋಗಳಲ್ಲಿ ಸಿಗುವ ಪೋಸ್ಟರ್, ಒಂದು ಲೈವ್‌ಫಿಶ್ ಡೌನ್‌ಲೋಡ್, ಬಳಗದವರೇ ಬಿಡಿಸಿದ ಸ್ಟಿಕ್ಕರ್. ಅಭಿಮಾನಿ ಬಿಡಿಸಿದ್ದಾದರೂ ಬ್ಯಾಂಡಿನ ಲೋಗೋ ಹಾಕಿ ಟೀ ಶರ್ಟ್ ಅಚ್ಚು ಮಾಡಿಸಿ ಮಾರಲು ಹೋದರೆ ಟ್ರೇಡ್‌ಮಾರ್ಕಿನ ತಂಟೆ. ಪೋಸ್ಟರನ್ನು ಅಮೆರಿಕದಿಂದ ಇಲ್ಲಿಗೆ ಅಂಚೆಯಲ್ಲಿ ಕಳಿಸಿದರೆ ಕೆಲವೊಮ್ಮೆ ಸುಂಕ ಬೀಳುತ್ತದೆ. ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಗಟ್ಟಿ ರಟ್ಟಿನ ಕೊಳವೆಯಲ್ಲಿ ಇಟ್ಟು ಕಳಿಸುವುದೇ ವಾಸಿ. ಗೆದ್ದವರ ವಿಳಾಸ ಮಾತ್ರ ಕೇಳಿ, ಕಳಿಸಿದ ಮೇಲೆ ಅಳಿಸಿಬಿಡಿ.

ಇಡೀ ಟೂರ್ ಗೆದ್ದವರಿಗೊಂದು ಬಹುಮಾನ ಇದ್ದರೆ, ಒಂದೇ ರಾತ್ರಿ ಅತಿ ದೊಡ್ಡ ಗ್ಯಾಪ್ ಹೊಡೆದವರಿಗೂ ಒಂದಿರಲಿ. ನಡುವೆ ಸೇರಿದವರಿಗೆ ಆಸೆ ಉಳಿಯುತ್ತದೆ.

ಟೂರ್ ಇಲ್ಲದ ತಿಂಗಳು

ಆಗ ಬೇರೆ ಆಟ. ಹಾಡಿನ ಮಧ್ಯದಿಂದ ಹತ್ತು ಸೆಕೆಂಡ್ ತುಣುಕು ಕೇಳಿಸಿ ಯಾವ ವರ್ಷ ಅಂತ ಊಹಿಸಿ ಅನ್ನಿ. 1990ರ ದಶಕದ ಗಿಟಾರಿಗೂ 2009ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಮತ್ತೆ ಒಂದಾದ ಮೇಲಿನ ಗಿಟಾರಿಗೂ ವ್ಯತ್ಯಾಸ ಗೊತ್ತಾಗುವವರು ಯಾರು ಅಂತ ಆಗ ಬೆಳಕಿಗೆ ಬರುತ್ತದೆ. ಹ್ಯಾಲೋವೀನ್ ಊಹೆಯನ್ನು ಸೆಪ್ಟೆಂಬರ್‌ನಲ್ಲೇ ಮುಚ್ಚಿದ ಲಕೋಟೆಯ ಹಾಗೆ ಬರೆಸಿಟ್ಟುಕೊಳ್ಳಬಹುದು. ರಸಪ್ರಶ್ನೆ ಸಾಮಾನ್ಯವಾಗಿ ಹಿಡಿಸುವುದಿಲ್ಲ, ಎಲ್ಲರೂ ಗೂಗಲ್ ಮಾಡುತ್ತಾರೆ.

ಟೂರ್ ಮುಗಿದ ವಾರದೊಳಗೆ ಪೂರ್ತಿ ಅಂಕಪಟ್ಟಿ, ಆಕ್ಷೇಪಣೆ ಮತ್ತು ಅದರ ತೀರ್ಪು ಸಮೇತ, ಒಂದು ಪತ್ರದಲ್ಲಿ ಹೋಗಲಿ. ಶೀಟಿನ ನಕಲು ತೆಗೆದು ಇಟ್ಟುಕೊಳ್ಳಿ. ಮುಂದಿನ ಟೂರಿಗೆ ಗ್ಯಾಪಿನ ಅಂಕ ಹೊಸದಾಗಿ ತುಂಬುವಾಗ ಹಳೇ ಹಾಡುಪಟ್ಟಿಯೇ ಬೇಕಾಗುತ್ತದೆ, ಡ್ರಾಪ್‌ಡೌನ್ ಮತ್ತೆ ಟೈಪ್ ಮಾಡುವ ಕೆಲಸ ತಪ್ಪುತ್ತದೆ.